ಅಕ್ಕ, ಈ ಮರ ಹತ್ತಬಹುದಾ?

ಧನು ತಿಂಗಳ ಕೊಯ್ಲಿಗೆ ಈ ಸಲ ಹೊಸ ಹುಡುಗ ಬಂದಿದ್ದ. ಪ್ಲಸ್ ಟು ಮುಗಿಸಿದವನು. ಮರ ಹತ್ತುವ ಶಿಬಿರಕ್ಕೆ ಹೋಗಿ ಆರು ದಿನ ಕಲಿತು ಬಂದಿದ್ದ. ಸೊಂಟಕ್ಕೆ ಬೆಲ್ಟ್, ತಲೆಗೆ ಹೆಲ್ಮೆಟ್, ಹೆಗಲಲ್ಲಿ ಹಗ್ಗದ ಸುರುಳಿ. ನಮ್ಮ ತೋಟದಲ್ಲಿ ಹೆಲ್ಮೆಟ್ ಹಾಕಿ ಅಡಿಕೆ ಮರ ಹತ್ತಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಮೊದಲ ನಾಲ್ಕು ಮರ ಹತ್ತಿ ಇಳಿದ. ಅವಸರ ಇಲ್ಲ, ಗಾಬರಿ ಇಲ್ಲ. ಗೊನೆಯನ್ನು ಕೆಳಗೆ ಎಸೆಯದೆ ಹಗ್ಗದಲ್ಲೇ ಜಾರಿಸಿದ. ಐದನೆಯ ಮರದ ಬುಡದಲ್ಲಿ ನಿಂತವನು ಸ್ವಲ್ಪ ಹೊತ್ತು ಮೇಲೆ ನೋಡಿದ. ಆಮೇಲೆ ನನ್ನ ಕಡೆ ತಿರುಗಿ ಕೇಳಿದ, "ಅಕ್ಕ, ಈ ಮರ ಹತ್ತಬಹುದಾ?"

ನನಗೆ ಗೊತ್ತಿರಲಿಲ್ಲ. ಮದುವೆಯಾಗಿ ಕಾಸರಗೋಡಿನ ಬದಿಯಡ್ಕದ ಈ ಕಡೆಗೆ ಬಂದು ಇಪ್ಪತ್ತೆಂಟು ವರ್ಷ ಆಯಿತು. ಯಾವ ಮೂಲೆಯಲ್ಲಿ ನೀರು ಬೇಗ ಇಂಗುತ್ತದೆ, ಯಾವ ಕಣಿ ಮಳೆಗಾಲದಲ್ಲಿ ಕಟ್ಟಿಕೊಳ್ಳುತ್ತದೆ, ಯಾವ ಸಾಲಿನ ಅಡಿಕೆ ಸುಲಿದರೆ ಪಟೋರ (ಒಡೆದ, ಕಡಿಮೆ ದರ್ಜೆಯ ಅಡಿಕೆ) ಜಾಸ್ತಿ ಬರುತ್ತದೆ, ಎಲ್ಲ ಗೊತ್ತು. ಆದರೆ ಒಂದು ಮರ ಮನುಷ್ಯನ ಭಾರ ತಾಳುತ್ತದೋ ಇಲ್ಲವೋ ಅಂತ ಬುಡದಲ್ಲಿ ನಿಂತು ಹೇಳುವುದಕ್ಕೆ ನನ್ನಿಂದ ಆಗಲಿಲ್ಲ. ಇಷ್ಟು ವರ್ಷ ಅದನ್ನು ಯಾರೂ ನನ್ನಲ್ಲಿ ಕೇಳಿಯೇ ಇರಲಿಲ್ಲ. ಹಳೆಯ ಕೊಯ್ಲಿನವರು ಕೇಳುತ್ತಿರಲಿಲ್ಲ. ಅವರು ಕೆಲವು ಮರ ಬಿಟ್ಟು ಮುಂದೆ ಹೋಗುತ್ತಿದ್ದರು, ಅಷ್ಟೇ. ಯಾಕೆ ಬಿಟ್ಟಿರಿ ಅಂತ ನಾನೂ ಕೇಳಿದವಳಲ್ಲ. ಅವತ್ತಿನ ಪ್ರಶ್ನೆ ಮಾತ್ರ ನನ್ನನ್ನು ಬಿಡಲಿಲ್ಲ. ಆ ಹುಡುಗನಿಗೆ ಶಿಬಿರದಲ್ಲಿ ಹತ್ತುವುದನ್ನು ಸರಿಯಾಗಿಯೇ ಕಲಿಸಿದ್ದಾರೆ. ಯಾವುದನ್ನು ಹತ್ತಬಾರದು ಅಂತ ಕಲಿಸಬೇಕಾದವರು ಯಾರು?

ಅವನಿಗೆ ಸುಮ್ನೆ ಕೂರಲು ಹೇಳಿ ನಾನು ನಮ್ಮ ಹಳೆಯ ಕೊಯ್ಲಿನವರಲ್ಲಿ ಒಬ್ಬರಿಗೆ ಫೋನ್ ಮಾಡಿದೆ. ಈಗ ಅವರು ಮರ ಹತ್ತುವುದಿಲ್ಲ. ಮೊಣಕಾಲು ಬಗ್ಗುವುದಿಲ್ಲ. ಅರ್ಧ ಗಂಟೆಯಲ್ಲಿ ತಲೆಗೆ ಹಾಳೆಯ ಟೊಪ್ಪಿ, ಮುಟ್ಟಾಳೆ ಹಾಕಿಕೊಂಡು, ಕತ್ತಿ ಹಿಡಿದು ಬಂದರು. ಕತ್ತಿ ಯಾಕೆ ಅಂತ ಕೇಳಿದರೆ, "ತೋಟಕ್ಕೆ ಬರಿ ಕೈಯಲ್ಲಿ ಬರುವುದುಂಟಾ?" ಅಂದರು. ಮರದ ಹತ್ತಿರ ಹೋಗಿ ಮೊದಲು ಮೇಲೆ ನೋಡಲಿಲ್ಲ, ಬುಡ ನೋಡಿದರು. ಆಮೇಲೆ ಒಂದು ಸುತ್ತು ಬಂದು ನೈಋತ್ಯದ ಬದಿಯಲ್ಲಿ ನಿಂತರು. ಅಂಗೈಯನ್ನು ಕಾಂಡಕ್ಕೆ ಒತ್ತಿ ಹಿಡಿದು, ಕತ್ತಿಯ ಬೆನ್ನಿನಿಂದ ಎರಡು ಪೆಟ್ಟು ಕೊಟ್ಟರು. ಸ್ವಲ್ಪ ಮೇಲಕ್ಕೆ ಇನ್ನೆರಡು. "ಇದು ಬೇಡ" ಅಂದರು.

ಹುಡುಗ ಕೇಳಿದ, "ಹೇಗೆ ಗೊತ್ತಾಯ್ತು?"

ಅವರು ಅವನ ಮುಖ ನೋಡಿದರು. ಉತ್ತರ ಹುಡುಕಿದರು. ಕಾಣುತ್ತಿತ್ತು, ನಿಜವಾಗಿ ಹುಡುಕುತ್ತಿದ್ದರು. ಸಿಗಲಿಲ್ಲ. "ಗೊತ್ತಾಗ್ತದೆ" ಅಂದರು, ಅಷ್ಟೇ.

ಗೊತ್ತಾಗ್ತದೆ ಅನ್ನುವ ಕಲಿಕೆ

ನಮ್ಮ ಕಡೆ ಹಳೆಯ ಕಸುಬುಗಳನ್ನೆಲ್ಲ ಕಲಿತದ್ದು ಹೀಗೇ ಅಲ್ವಾ? ಯಾರೂ ಹೇಳಿಕೊಟ್ಟದ್ದಲ್ಲ, ಹತ್ತಿರ ಇದ್ದು ಕಲಿತದ್ದು. ಲಾರಿಯಲ್ಲಿ ಕ್ಲೀನರ್ ಆಗಿ ನಾಲ್ಕು ವರ್ಷ ಚಕ್ರ ಒರೆಸಿದವನು ಒಂದು ದಿನ ಡ್ರೈವರ್ ಆಗುತ್ತಿದ್ದ. ಅಡುಗೆಯವರ ಜೊತೆ ಕಾಯಿ ತುರಿಯುತ್ತಾ ಇದ್ದವನು ಒಂದು ದಿನ ಮೇಲಾರಕ್ಕೆ ಕೈ ಹಾಕುತ್ತಿದ್ದ. ಈ ಪದ್ಧತಿಯನ್ನು ಹೊಗಳುವವರು ತುಂಬ ಜನ. ನಾನೂ ಹೊಗಳುತ್ತಿದ್ದೆ. ಆದರೆ ಆ ದಿನ ಮಧ್ಯಾಹ್ನ ಊಟಕ್ಕೆ ಕೂತಾಗ ನಾನು ಅವರಲ್ಲಿ ಕೇಳಿದೆ, ನಿಮಗೆ ಕಲಿಸಿದ್ದು ಯಾರು ಅಂತ. ಇಪ್ಪತ್ತೆಂಟು ವರ್ಷದಲ್ಲಿ ಮೊದಲ ಸಲ ಕೇಳಿದ್ದು.

ಅವರಿಗೆ ಆಗ ಹದಿಮೂರೋ ಹದಿನಾಲ್ಕೋ. ಅಪ್ಪ ಒಂದು ಬೆಳಗ್ಗೆ ಕೈಗೆ ತಳೆ (ಮರ ಹತ್ತುವಾಗ ಪಾದಕ್ಕೆ ಹಾಕುವ ಬಳೆ) ಕೊಟ್ಟು, ಆ ಮರ ನೀನು ನೋಡಿಕೋ ಅಂತ ಹೇಳಿ, ತಿರುಗಿ ನೋಡದೆ ತನ್ನ ಸಾಲಿಗೆ ಹೋದರಂತೆ. ಎರಡು ವರ್ಷ ಅಪ್ಪನ ಹಿಂದೆ ಅಡಿಕೆ ಹೆಕ್ಕಿದ್ದೇ ಅವರ ತರಬೇತಿ. ಹೇಗೆ ತಳೆ ಹಾಕಬೇಕು, ಎಲ್ಲಿ ಮೊಣಕಾಲು ಒತ್ತಬೇಕು ಅಂತ ಕಣ್ಣಿಗೆ ಕಂಡದ್ದು ಎಷ್ಟೋ ಅಷ್ಟು. ಮೊದಲ ವರ್ಷವೇ ಬಿದ್ದರು. ಒಂದು ಮರದಿಂದ ಇನ್ನೊಂದಕ್ಕೆ ಬಗ್ಗಿಸಿ ದಾಟುವಾಗ ಹಿಡಿದ ಮರದ ತುದಿ ಮುರಿಯಿತು. ಕೆಳಗೆ ಸೋಗೆಯ ರಾಶಿ ಇದ್ದುದರಿಂದ ಬದುಕಿದರು. ಎಡಗಾಲು ಅಲ್ಲಿಂದ ಇಲ್ಲಿಯವರೆಗೆ ಸ್ವಲ್ಪ ಓರೆಯಾಗಿಯೇ ಇದೆ. ನಾನು ಅದನ್ನು ಅವರ ನಡಿಗೆಯ ರೀತಿ ಅಂತ ತಿಳಿದುಕೊಂಡಿದ್ದೆ. "ಮತ್ತೆ?" ಅಂತ ಕೇಳಿದೆ. "ಮತ್ತೆ ಎಂತ? ಮೂರು ತಿಂಗಳು ಬಿಟ್ಟು ಪುನಃ ಹತ್ತಿದೆ. ಆಮೇಲೆ ಬೀಳಲಿಲ್ಲ" ಅಂದರು. ಅವರ ಜೊತೆ ಹತ್ತಲು ಶುರು ಮಾಡಿದ ಒಬ್ಬರು ಬಿದ್ದು ಏಳಲೇ ಇಲ್ಲ ಅನ್ನುವುದನ್ನು ಆಮೇಲೆ ಹೇಳಿದರು. ಅನ್ನ ಕಲಸುತ್ತಾ ಹೇಳಿದರು. ದನಿ ಏರಲಿಲ್ಲ, ಇಳಿಯಲಿಲ್ಲ.

ಇದನ್ನು ಕೇಳಿದ ಮೇಲೆ ಹಳೆಯದೇ ಚಂದ ಅಂತ ಹೇಳಲು ನನಗೆ ನಾಲಿಗೆ ಏಳುವುದಿಲ್ಲ. ಇವತ್ತು ನಾವು ನೋಡುವುದು ಬದುಕಿ ಉಳಿದ ನುರಿತವರನ್ನು. ಕಲಿಯುವ ದಾರಿಯಲ್ಲಿ ಬಿದ್ದವರನ್ನು ಯಾರೂ ಲೆಕ್ಕ ಹಾಕಲಿಲ್ಲ. ಬಿದ್ದವರೆಲ್ಲ ಕೂಲಿಯವರ ಮನೆಯ ಮಕ್ಕಳು. ನಮ್ಮಂಥ ತೋಟದ ಮನೆಯ ಹುಡುಗರ ಕೈಗೆ ಯಾರೂ ತಳೆ ಕೊಡಲಿಲ್ಲ. ತನ್ನ ಮಗ ಮರ ಹತ್ತುವುದು ಬೇಡ ಅಂತ ನಮ್ಮ ಕೊಯ್ಲಿನವರು ಗಟ್ಟಿ ಮಾಡಿದ್ದೂ ಆ ಓರೆ ಕಾಲಿನ ಕಾರಣದಿಂದಲೇ. ಮಗ ಈಗ ಗಲ್ಫ್‌ನಲ್ಲಿದ್ದಾನೆ.

ಆರು ದಿನದ ಶಿಬಿರವನ್ನು ನಾನು ಹಗುರ ಮಾಡಿ ನೋಡದೇ ಇರುವುದು ಇದಕ್ಕೇ. ಕಾಸರಗೋಡಿನ ನಮಗೆ ತೆಂಗು, ಅಡಿಕೆಯ ವಿಷಯದಲ್ಲಿ ಸಂಸ್ಥೆ, ಸಂಶೋಧನೆ ಹೊಸತಲ್ಲ. ಕೂಡ್ಲಿನ ತೆಂಗು ಸಂಶೋಧನಾ ಕೇಂದ್ರ ಶುರುವಾದದ್ದು 1916ರಲ್ಲಿ. ಅದೇ 1970ರಲ್ಲಿ ಸಿ.ಪಿ.ಸಿ.ಆರ್.ಐ. (ಕೇಂದ್ರ ತೋಟಬೆಳೆಗಳ ಸಂಶೋಧನಾ ಸಂಸ್ಥೆ) ಆಯಿತು. ತಳಿ, ಗೊಬ್ಬರ, ರೋಗದ ಮದ್ದು ಎಲ್ಲದರ ಬಗ್ಗೆ ಕೆಲಸ ನಡೆಯಿತು. ಮರ ಹತ್ತುವವನ ಬಗ್ಗೆ ಎಲ್ಲರೂ ಯೋಚಿಸಲು ಶುರು ಮಾಡಿದ್ದು ಮಾತ್ರ ಹತ್ತುವವರು ಸಿಗದೇ ಹೋದಾಗ. ತೆಂಗು ಅಭಿವೃದ್ಧಿ ಮಂಡಳಿ 2011ರಲ್ಲಿ 'ಫ್ರೆಂಡ್ಸ್ ಆಫ್ ಕೋಕೊನಟ್ ಟ್ರೀ' ಅಂತ ಆರು ದಿನದ ತರಬೇತಿ ತಂದಿತು. ಕಣ್ಣೂರಿನ ಚೆಂಬೇರಿಯ ಕೃಷಿಕರೊಬ್ಬರು ಮಾಡಿದ ಮಾದರಿಯ ಹತ್ತುವ ಯಂತ್ರ, ಜೊತೆಗೆ ವಿಮೆ. ನಮ್ಮ ವಾರ್ಡಿನ ಕುಟುಂಬಶ್ರೀ ಮಹಿಳಾ ಸಂಘದ ಒಬ್ಬ ಅಕ್ಕ ಈಗ ಸೀರೆಯ ಮೇಲೆ ಗಂಡನ ಅಂಗಿ ಹಾಕಿ, ಆ ಯಂತ್ರ ಕಟ್ಟಿ ತೆಂಗಿನಕಾಯಿ ಕೊಯ್ಯುತ್ತಾರೆ. ಹಳೆಯ ಪದ್ಧತಿಯಲ್ಲಿ ನೂರು ವರ್ಷ ಕಾದರೂ ಅವರ ಕೈಗೆ ಯಾರೂ ತಳೆ ಕೊಡುತ್ತಿರಲಿಲ್ಲ. ಹತ್ತಿರ ಇದ್ದು ಕಲಿಯಬೇಕು ಅಂದರೆ ಮೊದಲು ಹತ್ತಿರ ಇರಲು ಬಿಡಬೇಕಲ್ಲ.

ಬಾಲಗೋಪಾಲ

ಇದನ್ನೆಲ್ಲ ಯೋಚಿಸುವಾಗ ನನಗೆ ಮತ್ತೆ ಮತ್ತೆ ನೆನಪಾದದ್ದು ಅಣ್ಣ. ಅವನು ಶಾಲೆಯ ರಜೆ ಅಂತ ಹೋದವನು ಎರಡು ತಿರುಗಾಟ, ಅಂದರೆ ಎರಡು ವರ್ಷದ ಆಟದ ಕಾಲ, ಯಕ್ಷಗಾನದ ಮೇಳದಲ್ಲೇ ಇದ್ದ. ಅವನಿಗೆ ಆಗ ಹನ್ನೆರಡು, ನನಗೆ ಎಂಟು. ಕುಂಬಳೆ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಯಕ್ಷಗಾನ ಪ್ರಸಂಗ ಬರೆದ ಪಾರ್ತಿಸುಬ್ಬನ ಊರು ನಮ್ಮದು. ಚೆಂಡೆಯ ಸದ್ದು ಕೇಳದೆ ಬೆಳೆದವರು ಇಲ್ಲಿ ಕಡಿಮೆ.

ಒಂದು ಸಂಜೆ ನೀರ್ಚಾಲಿನ ಹತ್ತಿರದ ಬೈಲಿನಲ್ಲಿ ಆ ಮೇಳದ ಆಟ. ಅಪ್ಪ ನನ್ನನ್ನು ಕರೆದುಕೊಂಡು ಹೋದರು. ಜನ ಇನ್ನೂ ಬರುತ್ತಿದ್ದರು. ಚಾಪೆ ಹಾಸುವವರು, ನೆಲಗಡಲೆ ಕಟ್ಟುವವರು, ಟಾರ್ಚ್ ಹಿಡಿದು ಗದ್ದೆಯ ಹುಣಿಯಲ್ಲಿ ಸಾಲಾಗಿ ಇಳಿಯುವವರು. ರಂಗಸ್ಥಳದ ಕಡೆ ಯಾರ ಗಮನವೂ ಇಲ್ಲ. ಆ ಹೊತ್ತಿಗೆ ಆಟದ ಮೊದಲಿಗೆ ಕುಣಿಯುವ ವೇಷದ ಹುಡುಗರು, ಇಬ್ಬರು ಬಾಲಗೋಪಾಲರು ಬಂದರು. ಹಿಂದಿದ್ದವನು ಅಣ್ಣ. ಮುಖಕ್ಕೆ ಬಣ್ಣ ಹಾಕಿದ್ದರಿಂದ ನನಗೆ ಗುರುತು ಸಿಕ್ಕಿದ್ದು ಕಿವಿಯಿಂದ. ಅವನ ಕಿವಿ ಸ್ವಲ್ಪ ಹೊರಗೆ ಚಾಚಿಕೊಂಡಿತ್ತು. ಮೊದಲ ಸುತ್ತು ಸರಿಯಾಗಿ ಕುಣಿದ. ಎರಡನೆಯದರಲ್ಲಿ ಮುಂದಿನವನನ್ನು ನೋಡುತ್ತಾ ನೋಡುತ್ತಾ ಹೆಜ್ಜೆ ತಪ್ಪಿದ. ಕಾಲು ಒಂದು ಕಡೆ, ತಾಳ ಇನ್ನೊಂದು ಕಡೆ. ನಾನು ಅಪ್ಪನ ಕೈ ಗಟ್ಟಿಯಾಗಿ ಹಿಡಿದೆ. ಆಗ ಭಾಗವತರು ಒಂದು ಕೆಲಸ ಮಾಡಿದರು. ಮುಂದೆ ಹೋಗದೆ ಅದೇ ಸಾಲನ್ನು ಇನ್ನೊಮ್ಮೆ ಎತ್ತಿಕೊಂಡರು. ಮದ್ದಳೆಯವರು ಅಣ್ಣನ ಕಾಲನ್ನೇ ನೋಡುತ್ತಾ ಸ್ವಲ್ಪ ಒತ್ತಿ ಬಾರಿಸಿದರು. ಅಣ್ಣ ಒಂದು ಉಸಿರು ನಿಂತು, ಸಾಲಿನ ಮೊದಲಿಗೆ ಸರಿಯಾಗಿ ಹೊಂದಿಕೊಂಡ. ನೆಲಗಡಲೆ ತಿನ್ನುತ್ತಿದ್ದವರಿಗೆ ಏನೂ ಗೊತ್ತಾಗಲಿಲ್ಲ. ತಪ್ಪು ಆಯಿತು ಅಂತ ಗೊತ್ತಾದದ್ದು ರಂಗಸ್ಥಳದ ಮೇಲಿದ್ದವರಿಗೆ, ಮತ್ತೆ ನನಗೆ.

ಪೂರ್ವರಂಗ ಅಂದರೆ ಇದೇ ಅಂತ ನನಗೆ ಅರ್ಥವಾದದ್ದು ಎಷ್ಟೋ ವರ್ಷದ ಮೇಲೆ. ಕೋಡಂಗಿ, ಬಾಲಗೋಪಾಲ, ಮುಖ್ಯ ಸ್ತ್ರೀವೇಷ ಅಂತ ರಾತ್ರಿಯ ಮೊದಲ ಹೊತ್ತನ್ನು ಕಲಿಯುವವರಿಗೇ ಬಿಟ್ಟುಕೊಟ್ಟಿದ್ದರು. ಜನ ಬರುವ ಮೊದಲು ತಪ್ಪಬಹುದು. ನಿಜವಾದ ಬಣ್ಣ, ನಿಜವಾದ ಗೆಜ್ಜೆ, ನಿಜವಾದ ಹಿಮ್ಮೇಳ, ಆದರೆ ಪ್ರಸಂಗದ ಭಾರ ತಲೆಯ ಮೇಲಿಲ್ಲ. ಮೇಳ ಹೊರಟಲ್ಲಿಂದ ತಿರುಗಾಟ ಮುಗಿಯುವ ಪತ್ತನಾಜೆಯವರೆಗೆ ಆರು ತಿಂಗಳು, ಹೆಚ್ಚುಕಮ್ಮಿ ದಿನಾ ರಾತ್ರಿ. ಅಷ್ಟು ಸಲ ತಪ್ಪಿ, ಅಷ್ಟು ಸಲ ಯಾರೋ ಎತ್ತಿಕೊಂಡು, ಹುಡುಗ ಮೆಲ್ಲನೆ ರಾತ್ರಿಯ ಒಳಗೆ ಹೋಗುತ್ತಿದ್ದ. ಈಗ ಬೆಳಗಿನ ತನಕ ಹೋಗದ ಕಾಲಮಿತಿಯ ಆಟ ಬಂದಿದೆ. ನೋಡುವವರಿಗೆ ಅನುಕೂಲ ಆಗಿದೆ, ಕಲಾವಿದರಿಗೂ ನಿದ್ದೆ ಸಿಗುತ್ತದೆ. ಅದು ಬೇಡ ಅಂತ ನಾನು ಹೇಳುವುದಿಲ್ಲ. ಆದರೆ ಹೊತ್ತು ಉಳಿಸಲು ಎಲ್ಲರೂ ಮೊದಲು ಕತ್ತರಿ ಹಾಕಿದ್ದು ಪೂರ್ವರಂಗಕ್ಕೆ. ಅಲ್ಲಿ ಕತ್ತರಿಸಿದ್ದು ಕಲಿಯುವವರ ಹೊತ್ತು ಅಂತ ಯಾರಿಗೂ ಅನ್ನಿಸಿದ ಹಾಗೆ ಕಾಣುವುದಿಲ್ಲ.

ಅಣ್ಣ ಮೇಳದ ಬಗ್ಗೆ ಹೇಳುವುದೆಲ್ಲ ಸಿಹಿಯಲ್ಲ. ವೇಷ ಕಟ್ಟುವ ಚೌಕಿಯಲ್ಲಿ ಹಿರಿಯರೊಬ್ಬರ ಬಟ್ಟೆ ಒಗೆಯುವುದು, ಕಾಲು ಒತ್ತುವುದು ಇವನ ಪಾಲಿಗೆ ಇತ್ತು. ಮುಡಿ ಕಟ್ಟಿಸಿಕೊಳ್ಳುವಾಗ ತೂಕಡಿಸಿದ್ದಕ್ಕೆ ಕೆನ್ನೆಗೆ ಬಿದ್ದಿದೆ. ಶಾಲೆ ಎರಡು ವರ್ಷ ಹಿಂದೆ ಉಳಿಯಿತು. ಹುಡುಗಿಯರಿಗಂತೂ ಆ ದಾರಿಯೇ ಇರಲಿಲ್ಲ. ಅವನು ಮಳೆಗಾಲದಲ್ಲಿ ಮನೆಗೆ ಬಂದು ಜಗಲಿಯಲ್ಲಿ ಹೆಜ್ಜೆ ಹಾಕುವಾಗ ನಾನು ಒಳಗೆ ಅಡಿಕೆ ಸುಲಿಯುತ್ತಾ ಬಾಯಿಯಲ್ಲೇ ತಾಳ ಹೇಳುತ್ತಿದ್ದೆ. ಆ ತಾಳ ನನ್ನ ಕಾಲಿಗೆ ಯಾವತ್ತೂ ಇಳಿಯಲಿಲ್ಲ. ಇದು ನನಗೆ ಇವತ್ತಿಗೂ ನೋವೇ.

ಮೇಳದಲ್ಲೇ ಕಲಿಯಬೇಕು ಅನ್ನುವುದಕ್ಕೆ ಬೇರೆ ದಾರಿ ಹುಡುಕಿದವರೂ ನಮ್ಮವರೇ. 1972ರಲ್ಲಿ ಧರ್ಮಸ್ಥಳದಲ್ಲಿ ಯಕ್ಷಗಾನ ಕಲಿಸುವ ಲಲಿತಕಲಾ ಕೇಂದ್ರ ಶುರುವಾದಾಗ ಕುರಿಯ ವಿಠಲ ಶಾಸ್ತ್ರಿಗಳು ಗುರುಗಳಾದರು. ಆಮೇಲೆ ಅಲ್ಲಿ ಕಲಿಸಿದ ಪಡ್ರೆ ಚಂದು ನಮ್ಮ ಪೆರ್ಲದ ಕಡೆಯವರು. ಪೆರ್ಲದಲ್ಲಿ ಅವರ ಹೆಸರಿನಲ್ಲೇ ಒಂದು ನಾಟ್ಯ ತರಬೇತಿ ಕೇಂದ್ರ ಇದೆ. ತರಗತಿ, ಪಾಠದ ಕ್ರಮ, ಇಂತಿಷ್ಟು ದಿನದಲ್ಲಿ ಇಂತಿಷ್ಟು ಹೆಜ್ಜೆ ಅನ್ನುವುದು ಯಕ್ಷಗಾನಕ್ಕೆ ಹೀಗೆ ಬಂತು. ಇವತ್ತು ನನ್ನ ಮಗಳು ಭಾನುವಾರದ ತರಗತಿಗೆ ಹೋಗುತ್ತಾಳೆ. ಅವಳ ಗುರುಗಳು ಯಾವ ಹೆಜ್ಜೆ ಯಾಕೆ ಹಾಗೆ ಅಂತ ಬಿಡಿಸಿ ಹೇಳುತ್ತಾರೆ. ಮನೆಯಲ್ಲಿ ಅಭ್ಯಾಸಕ್ಕೆ ತಾಳವನ್ನು ವಾಟ್ಸಾಪಿನಲ್ಲಿ ಕಳಿಸುತ್ತಾರೆ. ಎರಡೇ ವರ್ಷದಲ್ಲಿ ಅವಳ ಹೆಜ್ಜೆ ಅಣ್ಣನದಕ್ಕಿಂತ ಶುದ್ಧವಾಗಿದೆ. ಅಣ್ಣನೇ ಈ ಮಾತು ಹೇಳಿದ್ದು. ಅವಳು ಜಗಲಿಯಲ್ಲಿ ಕುಣಿಯುವಾಗ ನಾನು ಕೆಲಸ ಬಿಟ್ಟು ಬಂದು ನೋಡುತ್ತೇನೆ. ಕಣ್ಣು ತುಂಬಿ ಬರುತ್ತದೆ.

ಆದರೆ ಅವಳಿಗೆ ರಂಗಸ್ಥಳ ಸಿಗುವುದು ವರ್ಷಕ್ಕೆ ಒಂದೋ ಎರಡೋ ಸಲ, ವಾರ್ಷಿಕೋತ್ಸವಕ್ಕೆ. ಎದುರಿಗೆ ನೆಂಟರು, ಎಲ್ಲರ ಕೈಯಲ್ಲಿ ಫೋನ್. ಕಳೆದ ಸಲ ಒಂದು ಕಡೆ ತಪ್ಪಿದಳು. ಭಾಗವತರು ಎತ್ತಿಕೊಳ್ಳಲಿಲ್ಲ ಅಂತಲ್ಲ. ಎತ್ತಿಕೊಂಡರು. ಅವಳಿಗೇ ಅದು ಕೇಳಿಸಲಿಲ್ಲ. ತಪ್ಪಿದಾಗ ಕಿವಿ ಎಲ್ಲಿ ಇಡಬೇಕು ಅಂತ ಗೊತ್ತಾಗುವಷ್ಟು ಸಲ ಅವಳು ತಪ್ಪಿಯೇ ಇಲ್ಲ. ಚೌಕಿಗೆ ಬಂದು ಅತ್ತಳು. ನಾನು ಅವಳ ಮುಡಿ ಬಿಚ್ಚುತ್ತಾ ನೀರ್ಚಾಲಿನ ಆ ಸಂಜೆಯ ಕತೆ ಹೇಳಿದೆ. ಮಾವನೂ ತಪ್ಪುತ್ತಿದ್ದನಾ ಅಂತ ಕೇಳಿದಳು. ದಿನಾ ಅಂದೆ.

ಮೊಣಕೈ

ನನ್ನ ಅಕ್ಕನ ಮಗಳು ಮಂಗಳೂರಿನಲ್ಲಿ ನರ್ಸಿಂಗ್ ಮುಗಿಸಿ ಈಗ ಕೆಲಸದಲ್ಲಿದ್ದಾಳೆ. ಅವರಿಗೆ ಸೂಜಿ ಚುಚ್ಚಲು ಕಲಿಸುವುದು ರಬ್ಬರಿನ ಕೈಯಲ್ಲಿ. ಒಳಗೆ ಕೊಳವೆ, ಅದರೊಳಗೆ ಕೆಂಪು ನೀರು. ಹಿಂದೆಲ್ಲ ನೇರ ರೋಗಿಯ ಕೈಯಲ್ಲೇ ಕಲಿಯುತ್ತಿದ್ದರು. ಹಾಗೆ ಕಲಿಯುವವರ ಕೈಗೆ ಸಿಗುತ್ತಿದ್ದದ್ದು ಯಾವತ್ತೂ ಬಡವರ ಕೈಯೇ. ರಬ್ಬರಿನ ಕೈ ಬಂದದ್ದು ಎಷ್ಟು ಒಳ್ಳೆಯದು ಅಂತ ಅವಳಿಗೆ ನಾನು ಹೇಳಬೇಕಾಗಿಲ್ಲ. ಅವಳು ಹೇಳಿದ್ದು ಬೇರೆ. "ಚಿಕ್ಕಮ್ಮ, ರಬ್ಬರಿನ ಕೈ ಹಿಂದಕ್ಕೆ ಎಳೆದುಕೊಳ್ಳುವುದಿಲ್ಲ. ಅಜ್ಜಿಯಂದಿರ ನರ ಚರ್ಮದ ಕೆಳಗೆ ಜಾರುತ್ತದೆ, ರಬ್ಬರಿನದ್ದು ಜಾರುವುದಿಲ್ಲ." ಮೊದಲ ಸಲ ನಿಜವಾದ ರೋಗಿಯ ಹತ್ತಿರ ಹೋದಾಗ ವಾರ್ಡಿನ ಹಿರಿಯ ಸಿಸ್ಟರ್ ಇವಳ ಹಿಂದೆ ನಿಂತು, ಇವಳ ಮೊಣಕೈಯನ್ನು ಎರಡು ಬೆರಳಲ್ಲಿ ಹಿಡಿದುಕೊಂಡಿದ್ದರಂತೆ. ಚುಚ್ಚಿದ್ದು ಇವಳೇ. ಅವರು ಒತ್ತಲೂ ಇಲ್ಲ, ಎಳೆಯಲೂ ಇಲ್ಲ. ಒಂದು ವಾರ ಹಾಗೆ. ಎಂಟನೆಯ ದಿನ ತಿರುಗಿ ನೋಡಿದರೆ ಅವರು ಬೇರೆ ಮಂಚದ ಹತ್ತಿರ ಇದ್ದರು.

ಶಿಬಿರಕ್ಕೂ ಹಳೆಯ ಕಲಿಕೆಗೂ ಜಗಳ ಇಲ್ಲ ಅಂತ ನನಗೆ ಸ್ಪಷ್ಟವಾದದ್ದು ಈ ಎರಡು ಬೆರಳಿನ ಮಾತು ಕೇಳಿದ ಮೇಲೆ. ಮೊದಲ ಆರು ದಿನವನ್ನು ಶಿಬಿರದವರು ಅಪ್ಪಂದಿರಿಗಿಂತ ಚೆನ್ನಾಗಿ ಮಾಡುತ್ತಾರೆ. ಬೀಳದ ಹಾಗೆ ಮಾಡುತ್ತಾರೆ, ಯಾರು ಬಂದರೂ ಕಲಿಸುತ್ತಾರೆ, ಕೇಳಿದರೆ ಉತ್ತರ ಕೊಡುತ್ತಾರೆ. ಏಳನೆಯ ದಿನ ಸರ್ಟಿಫಿಕೇಟ್ ಕೊಟ್ಟು ಕಳಿಸಿಬಿಡುತ್ತಾರೆ. ಆ ಏಳನೆಯ ದಿನದಿಂದ ಒಂದು ವರ್ಷ ಯಾರು ಜೊತೆಗೆ ಇರುತ್ತಾರೆ ಅನ್ನುವುದೇ ನನ್ನ ಪ್ರಶ್ನೆ. ಆ ವರ್ಷಕ್ಕೆ ಯಾರ ಲೆಕ್ಕದಲ್ಲೂ ದುಡ್ಡು ಇಟ್ಟಿಲ್ಲ.

ಯಾರೂ ಇಲ್ಲದೆ ಕಲಿತವರೂ ಇದ್ದಾರೆ, ನಿಜ. ಗಡಿಯ ಆಚೆ, ಅಡ್ಯನಡ್ಕದ ಅಮೈ ಮಹಾಲಿಂಗ ನಾಯ್ಕರು ತೆಂಗು, ಅಡಿಕೆ ಮರ ಹತ್ತುವ ಕೂಲಿ ಕೆಲಸ ಮುಗಿಸಿ ಬಂದು, ರಾತ್ರಿ ದೀಪ ಇಟ್ಟುಕೊಂಡು ಒಬ್ಬರೇ ನೀರಿಗಾಗಿ ಗುಡ್ಡದೊಳಗೆ ಸುರಂಗ ಕೊರೆದರು. ಒಂದರ ಹಿಂದೆ ಒಂದು ಒಣಗಿಯೇ ಉಳಿದರೂ ಬಿಡಲಿಲ್ಲ. ಕೊನೆಗೆ ನೀರು ಬಂತು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂದಾಗ ನಮ್ಮ ಕಡೆಯೂ ಎಷ್ಟು ಸಂತೋಷ ಆಯಿತು! ಬಾಯಾರು, ಪಡ್ರೆಯ ಸುರಂಗದ ನೀರು ಕುಡಿದವರಿಗೆ ಆ ಕೆಲಸ ಏನು ಅಂತ ಗೊತ್ತು. ಆದರೆ ಅವರ ಬಗ್ಗೆ ಗೌರವ ಇರುವುದರಿಂದಲೇ ಹೇಳುತ್ತೇನೆ, ಆ ಒಣ ಸುರಂಗಗಳಲ್ಲಿ ಹೋದದ್ದು ಒಬ್ಬ ಮನುಷ್ಯನ ವರ್ಷಗಳು. ಹಾಗೆ ಕಲಿಯಿರಿ ಅಂತ ನಾವು ಇನ್ನೊಬ್ಬರಿಗೆ ಹೇಳುವ ಹಾಗಿಲ್ಲ.

ಕೆಂಪು ಬಣ್ಣ

ಈಗ ನಮ್ಮ ತೋಟದಲ್ಲಿ ಒಂದು ಏರ್ಪಾಡು ಮಾಡಿದ್ದೇನೆ. ಹುಡುಗ ಬರುವ ದಿನ ಹಳೆಯ ಕೊಯ್ಲಿನವರೂ ಬರುತ್ತಾರೆ. ಅವರಿಗೆ ಹತ್ತುವ ಕೆಲಸ ಇಲ್ಲ. ತೋಟದಲ್ಲಿ ಇರಬೇಕು, ಅಷ್ಟೇ. ದಿನಗೂಲಿ ಪೂರ್ತಿ ಕೊಡುತ್ತೇನೆ. ಕೂತವರಿಗೆ ಯಾಕೆ ಕೂಲಿ ಅಂತ ನೆರೆಮನೆಯವರು ಕೇಳಿದರು. ಈ ಲೆಕ್ಕ ನನಗೆ ಕಷ್ಟವೂ ಹೌದು. ಕಾರ್ಬನ್ ಫೈಬರ್ ದೋಟಿ ತೆಗೆದುಕೊಂಡರೆ ಯಾರೂ ಮರ ಹತ್ತಬೇಕಾಗಿಲ್ಲ, ನೆಲದಲ್ಲಿ ನಿಂತೇ ಕೊಯ್ಯಬಹುದು, ಮದ್ದೂ ಬಿಡಬಹುದು ಅಂತ ಯಜಮಾನರು ಹೇಳುತ್ತಾರೆ. ನಿಜ, ಮುಂದೆ ತೆಗೆದುಕೊಳ್ಳುತ್ತೇವೆ. ಆದರೆ ಅದನ್ನು ಎತ್ತಿ ಹಿಡಿದು ಬೆನ್ನು, ಕುತ್ತಿಗೆ ಉಳಿಸಿಕೊಳ್ಳುವುದನ್ನೂ ಯಾರಾದರೂ ಪಕ್ಕದಲ್ಲಿ ನಿಂತು ಹೇಳಿಕೊಡಬೇಕಷ್ಟೇ.

ಮೊದಲ ಅರ್ಧ ದಿನ ಅವರು ಸಾಲಿನಲ್ಲಿ ನಡೆಯುತ್ತಾ ಇದು ಆದೀತು, ಇದು ಬೇಡ ಅಂತ ಹೇಳುತ್ತಾ ಹೋದರು. ಕಾರಣ ಹೇಳಲಿಲ್ಲ. ಹುಡುಗ ಬಿಡಲಿಲ್ಲ. ಬುಡದಲ್ಲಿ ಕಂದು ಅಂಟು ಇಳಿದಿದೆ, ಅದಕ್ಕಾ? ಹೌದು, ಅದು ಅಣಬೆ ರೋಗ. ಇರುವೆ ಸಾಲು? ಕೆಲವೊಮ್ಮೆ. ತಲೆ ಸಣ್ಣದಾಗಿದೆ, ಸೋಗೆ ಕಡಿಮೆ? ಹೌದು. ಹಾಗೆ ಕೇಳುತ್ತಾ ಕೇಳುತ್ತಾ ಅವರಿಗೇ ತಮಗೆ ಗೊತ್ತಿದ್ದದ್ದು ಬಾಯಿಗೆ ಬರತೊಡಗಿತು. ನೈಋತ್ಯದ ಕಡೆ ಯಾಕೆ ನೋಡುತ್ತೀರಿ ಅಂತ ಹುಡುಗ ಕೇಳಿದಾಗ, ಮಧ್ಯಾಹ್ನ ಕಳೆದ ಮೇಲಿನ ಬಿಸಿಲು ಅಲ್ಲಿಗೆ ಹೊಡೆಯುವುದು, ಕಾಂಡ ಸುಟ್ಟು ಒಡೆಯುವುದು ಅಲ್ಲಿಯೇ, ಅದಕ್ಕೇ ಹಿಂದೆ ಆ ಬದಿಗೆ ಸೋಗೆ ಕಟ್ಟುತ್ತಿದ್ದೆವು ಅಂತ ನಿಂತು ವಿವರಿಸಿದರು. ಅಷ್ಟು ಉದ್ದದ ಮಾತು ಅವರ ಬಾಯಿಯಲ್ಲಿ ನಾನು ಕೇಳಿದ್ದು ಅಪರೂಪ. ಹೇಳಿ ಮುಗಿಸಿ ಮುಟ್ಟಾಳೆ ತೆಗೆದು ತಲೆ ಒರೆಸಿಕೊಂಡರು.

ಮೂರನೆಯ ಕೊಯ್ಲಿಗೆ ಹುಡುಗ ಒಂದು ಡಬ್ಬಿ ಕೆಂಪು ಬಣ್ಣ ತಂದ. ಹತ್ತಬಾರದ ಮರಕ್ಕೆ ಅವನೇ ಗುರುತು ಹಾಕಿದ. ಹನ್ನೊಂದು ಮರ. ಅವರು ಎಲೆಯಡಿಕೆ ಹಾಕಿಕೊಂಡು ಕಟ್ಟೆಯ ಮೇಲೆ ಕೂತೇ ಇದ್ದರು, ಎದ್ದು ಬರಲಿಲ್ಲ. ಅವನು ಎಲ್ಲ ಮುಗಿಸಿ ಬಂದ ಮೇಲೆ ಒಂದು ಸುತ್ತು ಹೋಗಿ ನೋಡಿ, ಅವನ ಕೈಯಿಂದ ಬ್ರಷ್ ಇಸಕೊಂಡು ಇನ್ನೆರಡು ಮರಕ್ಕೆ ಹಚ್ಚಿದರು. ಹುಡುಗ ಆ ಎರಡೂ ಮರಕ್ಕೆ ಸುತ್ತು ಬಂದ. ಬುಡ ನೋಡಿದ, ನೈಋತ್ಯದ ಬದಿ ನೋಡಿದ, ಕತ್ತಿಯ ಬೆನ್ನಿನಿಂದ ತಟ್ಟಿ ಕಿವಿ ಇಟ್ಟ. ಅವನಿಗೂ ಏನೂ ಕಾಣಲಿಲ್ಲ, ನನಗೂ ಕಾಣಲಿಲ್ಲ.

"ಒಣಗಿರುವಾಗ ಗೊತ್ತಾಗುವುದಿಲ್ಲ" ಅಂದರು ಅವರು. "ಒಂದು ಒಳ್ಳೆ ಮಳೆ ಬಂದು, ಮಾರನೇ ದಿನ ಬಿಸಿಲು ಬರಬೇಕು. ಬೇರೆ ಮರ ಎಲ್ಲ ಬೇಗ ಒಣಗ್ತದೆ. ಇದರಲ್ಲಿ ಒಂದು ಗೆರೆ ಒದ್ದೆಯಾಗಿಯೇ ಇರ್ತದೆ. ಆವಾಗ ಬಾ, ತೋರಿಸ್ತೇನೆ."

ಹುಡುಗ ಅವರ ನಂಬರ್ ಫೋನಿನಲ್ಲಿ ಹಾಕಿಕೊಂಡ. ಮಳೆಗೆ ಇನ್ನೂ ಹೊತ್ತುಂಟು. ನಿನ್ನೆ ಸಂಜೆ ಮೋಡ ಕಟ್ಟಿತ್ತು, ಗುಡುಗಿತು, ನಾಲ್ಕು ಹನಿ ಬಿದ್ದು ನಿಂತಿತು. ಆಗಲೇ ಅವನ ಫೋನ್ ಬಂತು, "ಅಕ್ಕ, ಅಲ್ಲಿ ಮಳೆ ಬಂತಾ?"